ನಿಮ್ಮ ಉಗಿ ಎಂಜಿನ್ ಲೇಖನವನ್ನು ಈಗಲೇ ಯಾಕೆ ಹಾಕುತ್ತಿಲ್ಲ

ನಮಸ್ಕಾರ.

ನೀವು ಕಳಿಸಿದ 'ಕಾಫಿ ತೋಟಕ್ಕೊಂದು ಉಗಿ ಎಂಜಿನ್' ಓದಿದೆ. ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೆ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಹಾಕಲು ಆಗುವುದಿಲ್ಲ. ಹಾಗಂತ 'ಸ್ಥಳದ ಅಭಾವ' ಅಂತ ಎರಡು ಸಾಲು ಗೀಚಿ ವಾಪಸ್ ಕಳಿಸುವ ಲೇಖನವೂ ಇದಲ್ಲ. ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ನೀವು ಅದನ್ನು ಬಿಟ್ಟು ಬೇರೆ ಏನನ್ನೋ ಬರೆದಿದ್ದೀರಿ.

ಈ ಅಂಕಣ ಓದುವ ಉಳಿದವರಿಗಾಗಿ ನಿಮ್ಮ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ಮೂಡಿಗೆರೆ ಕಡೆಯ ತೋಟ. ಸರಿಯಾಗಿ ಕೊಯ್ಲಿನ ಹೊತ್ತಿಗೇ ಕರೆಂಟ್ ಕೈಕೊಡುತ್ತದೆ, ಡೀಸೆಲ್ ದುಬಾರಿ. ಹಾಗಾಗಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಮತ್ತು ಪಂಪ್ ಓಡಿಸಲು 10 ಎಚ್‌ಪಿಯ ಪಿಸ್ಟನ್ ಉಗಿ ಎಂಜಿನ್ ಕಟ್ಟೋಣ. ಉರುವಲು ಕಾಫಿ ಸಿಪ್ಪೆ. ಸಿಲಿಂಡರ್ ಯೂನಿಫ್ಲೋ ಮಾದರಿಯದು, ಅಂದರೆ ಉಗಿ ಒಂದೇ ದಿಕ್ಕಿನಲ್ಲಿ ಹರಿಯುವಂಥದ್ದು. ಕೆಲಸ ಮುಗಿಸಿ ಹೊರಬರುವ ಉಗಿಯನ್ನು ಗಾಳಿಗೆ ಬಿಡದೆ, ಕಂಪ್ರೆಸ್ ಮಾಡಿ ಮತ್ತೆ ಬಾಯ್ಲರಿಗೇ ಕಳಿಸೋಣ. ಆಗ ಶೇ. 50 ದಕ್ಷತೆ ಸಿಗುತ್ತದೆ. ನಿಮ್ಮ ವಾದ ಇಷ್ಟೇ ಅಲ್ವಾ?

ಮೊದಲ ನಾಲ್ಕು ಪುಟ ತೆಗೆದುಬಿಡಿ. ಕೆಟಲ್ ಕುದಿಯುವುದನ್ನು ನೋಡಿ ಜೇಮ್ಸ್ ವಾಟ್ ಉಗಿ ಎಂಜಿನ್ ಕಂಡುಹಿಡಿದ ಅನ್ನುವ ಕತೆ ಎಲ್ಲರೂ ಕೇಳಿದ್ದೇ, ಸಾಲದ್ದಕ್ಕೆ ತಪ್ಪು ಬೇರೆ. ವಾಟ್ ಹುಟ್ಟುವ ಮೊದಲೇ, 1712ರಲ್ಲಿ, ನ್ಯೂಕಮೆನ್ ಕಟ್ಟಿದ ಎಂಜಿನ್ ಇಂಗ್ಲೆಂಡಿನಲ್ಲಿ ಗಣಿಯ ನೀರೆತ್ತುತ್ತಿತ್ತು. ವಾಟ್ ಕೈಗೆ ಬಂದದ್ದು ಆ ಎಂಜಿನ್ನಿನ ಒಂದು ಪುಟ್ಟ ಮಾದರಿ. ಗ್ಲಾಸ್ಗೋ ವಿಶ್ವವಿದ್ಯಾಲಯದ್ದು, ರಿಪೇರಿಗೆ ಬಂದಿತ್ತು. ಇಷ್ಟು ಚಿಕ್ಕ ಯಂತ್ರ ಅಷ್ಟೊಂದು ಉಗಿ ಯಾಕೆ ತಿನ್ನುತ್ತದೆ? ಅವನ ತಲೆ ಕೆಡಿಸಿದ ಪ್ರಶ್ನೆ ಇದು. ನ್ಯೂಕಮೆನ್ ಎಂಜಿನ್ನಿನಲ್ಲಿ ಉಗಿ ತುಂಬಿದ ಸಿಲಿಂಡರಿನೊಳಗೇ ತಣ್ಣೀರು ಚಿಮ್ಮಿಸಿ ಉಗಿಯನ್ನು ನೀರಾಗಿಸುತ್ತಿದ್ದರು. ಒಂದೊಂದು ದೋಸೆ ಎತ್ತಿದ ಮೇಲೂ ಹೆಂಚನ್ನು ತಣ್ಣೀರಲ್ಲಿ ಅದ್ದಿ ಮತ್ತೆ ಕಾಯಿಸಿದ ಹಾಗೆ. ಸೌದೆಯೆಲ್ಲ ಹೆಂಚು ಕಾಯಿಸುವುದಕ್ಕೇ ಮುಗಿಯುತ್ತದೆ. ಉಗಿ ತಣಿಯುವ ಜಾಗವನ್ನೇ ಬೇರೆ ಮಾಡಿದರೆ ಸಿಲಿಂಡರ್ ಸದಾ ಬಿಸಿಯಾಗಿರುತ್ತದೆ ಅಂತ ವಾಟ್‌ಗೆ ಹೊಳೆದದ್ದು 1765ರಲ್ಲಿ.

ಇದನ್ನು ನೀವು ಒಂದು ಇಸವಿ, ಒಂದು ಹೆಸರು ಅಂತ ದಾಟಿಸಿಬಿಟ್ಟಿದ್ದೀರಿ. ಆಮೇಲೆ ವುಲ್ಫ್, ಕಾರ್ಲಿಸ್, ಶ್ಮಿಟ್, ಸ್ಟುಂಫ್ ಅಂತ ಹಾಜರಿ ಕೂಗಿದ್ದೀರಿ. ಅವರೆಲ್ಲರ ತಲೆನೋವು ಹೆಚ್ಚುಕಡಿಮೆ ಒಂದೇ ಆಗಿತ್ತು. ಬಿಸಿ ಉಗಿ ತಣ್ಣಗಿನ ಗೋಡೆ ಮುಟ್ಟಿ, ಕೆಲಸ ಮಾಡುವ ಮೊದಲೇ ನೀರಾಗಿಬಿಡುತ್ತದೆ. ವುಲ್ಫ್ ಉಗಿಯನ್ನು ಒಂದಾದ ಮೇಲೊಂದು ಎರಡು ಸಿಲಿಂಡರುಗಳಲ್ಲಿ ಹಿಗ್ಗಿಸಿದ. ಒಂದೊಂದು ಸಿಲಿಂಡರಿನಲ್ಲಿ ತಾಪದ ಏರಿಳಿತ ಅಷ್ಟು ಕಡಿಮೆಯಾಯಿತು. ಕಾರ್ಲಿಸ್ 1849ರ ಪೇಟೆಂಟಿನಲ್ಲಿ ಒಳಬರುವ ಉಗಿಗೆ ಒಂದು ವಾಲ್ವ್, ಹೊರಹೋಗುವುದಕ್ಕೆ ಇನ್ನೊಂದು ಅಂತ ಬೇರೆ ಮಾಡಿದ. ತಣಿದ ಉಗಿ ಹೋದ ದಾರಿಯಲ್ಲೇ ಬಿಸಿ ಉಗಿ ಬರುವುದು ತಪ್ಪಿತು. ಸ್ಟುಂಫ್ ಹೆಸರಿನ ಜೊತೆ ಸೇರಿಕೊಂಡ ಯೂನಿಫ್ಲೋದಲ್ಲಿ ಉಗಿ ತುದಿಯಿಂದ ಒಳಬಂದು ಮಧ್ಯದ ತೂತುಗಳಿಂದ ಹೊರಹೋಗುತ್ತದೆ, ತುದಿ ಬಿಸಿಯಾಗಿಯೇ ಉಳಿಯುತ್ತದೆ. ಈ ಎಳೆ ಹಿಡಿದರೆ ನಿಮ್ಮ ನಾಲ್ಕು ಪುಟದ ಇತಿಹಾಸ ಅರ್ಧ ಪುಟಕ್ಕೆ ಇಳಿಯುತ್ತದೆ, ಓದುವವರೂ ಉಳಿಯುತ್ತಾರೆ.

ಈಗ ಆ ಶೇ. 50ಕ್ಕೆ ಬರೋಣ. ಉಗಿಯ ತಾಪ 350 ಡಿಗ್ರಿ, ಹೊರಗಿನದು 30 ಡಿಗ್ರಿ ಅಂತ ಕಾರ್ನೋ ಸೂತ್ರಕ್ಕೆ (ಎರಡು ತಾಪಗಳ ನಡುವೆ ಓಡುವ ಎಂಜಿನ್ನಿನ ಗರಿಷ್ಠ ದಕ್ಷತೆ ಹೇಳುವ ಸೂತ್ರ) ಹಾಕಿದ್ದೀರಿ. 51 ಬರುತ್ತದೆ. ಗುಣಾಕಾರ ಭಾಗಾಕಾರ ಸರಿ, ಹಾಕಿದ ಅಂಕಿಗಳು ಸರಿಯಿಲ್ಲ. ನಿಮ್ಮ ಬಾಯ್ಲರ್ ಒತ್ತಡ ಚದರ ಸೆಂಟಿಮೀಟರಿಗೆ 15 ಕೆ.ಜಿ. ಅರಸೀಕೆರೆ, ಬೀರೂರು ಕಡೆಯವರು ಮೀಟರ್ ಗೇಜ್ ಕಾಲದಲ್ಲಿ ಕಂಡ ವೈಪಿ ಉಗಿ ರೈಲು ಎಂಜಿನ್ನುಗಳದ್ದೂ ಹತ್ತಿರತ್ತಿರ ಇಷ್ಟೇ. ಆ ಒತ್ತಡದಲ್ಲಿ ನೀರು ಕುದಿಯುವುದು 200 ಡಿಗ್ರಿಯಲ್ಲಿ. ಶಾಖದ ದೊಡ್ಡ ಪಾಲನ್ನು ನೀರು ನುಂಗುವುದು ಅಲ್ಲೇ. 350ಕ್ಕೆ ಏರಿಸುವಾಗ ಸೇರುವುದು ಮೇಲಿನ ಸ್ವಲ್ಪ ಮಾತ್ರ. ಇನ್ನು ನಿಮ್ಮ ಚಿತ್ರದಲ್ಲಿ ಹೊರಬಂದ ಉಗಿಯನ್ನು ತಣಿಸಿ ನೀರಾಗಿಸುವ ಕಂಡೆನ್ಸರೇ ಇಲ್ಲ. ಅಂದಮೇಲೆ ಉಗಿ ಹೊರಬರುವುದು 100 ಡಿಗ್ರಿಯಲ್ಲಿ, 30ರಲ್ಲಿ ಅಲ್ಲ. ಹೀಗೆ ಲೆಕ್ಕ ಹಾಕಿದರೆ, ಯಾವ ಸೋರಿಕೆಯೂ ಇಲ್ಲದ ಎಂಜಿನ್ನಿಗೂ ಸಿಗುವುದು ಶೇ. 20ರ ಆಸುಪಾಸು. ರೈಲು ಎಂಜಿನ್ನುಗಳು ನಿಜವಾಗಿ ಕೊಡುತ್ತಿದ್ದದ್ದು 6ರಿಂದ 8.

ನಿಮ್ಮ ಲೇಖನದಲ್ಲಿ ಬರಬೇಕಾಗಿದ್ದ ತಮಾಷೆ ಇರುವುದು ಇಲ್ಲೇ. ಸೂಪರ್‌ಹೀಟ್ ಮಾಡಿದರೆ, ಅಂದರೆ ಉಗಿಯನ್ನು ಕುದಿಯುವ ತಾಪಕ್ಕಿಂತ ಮೇಲೆ ಕಾಯಿಸಿದರೆ, ಆದರ್ಶ ಎಂಜಿನ್ನಿನ ದಕ್ಷತೆ ಸುಮಾರು 19ರಿಂದ 21ಕ್ಕೆ ಬರುತ್ತದೆ, ಅಷ್ಟೇ. ಪುಸ್ತಕದ ಲೆಕ್ಕದಲ್ಲಿ ಹತ್ತರಲ್ಲೊಂದು ಪಾಲೂ ಉಳಿಯುವುದಿಲ್ಲ. ಆದರೆ ಶ್ಮಿಟ್‌ನ ಸೂಪರ್‌ಹೀಟರ್ ಹಾಕಿದ ಮೇಲೆ ರೈಲ್ವೆಗಳು ಉಳಿಸಿದ ಕಲ್ಲಿದ್ದಲು ಐದರಲ್ಲೊಂದು ಪಾಲಿನ ಹತ್ತಿರ. ಈ ಉಳಿತಾಯ ಎಲ್ಲಿಂದ ಬಂತು? 200 ಡಿಗ್ರಿಯ ಉಗಿ ಒಂದು ಚೂರು ತಣಿದರೂ ನೀರಾಗುತ್ತದೆ. 350ರ ಉಗಿಗೆ ಅಷ್ಟು ತಣಿದರೂ ಇನ್ನೂ ಅಂತರ ಇರುತ್ತದೆ. ಗೋಡೆ ಮುಟ್ಟಿದರೂ ಉಗಿಯಾಗಿಯೇ ಉಳಿದು ಪಿಸ್ಟನ್ ತಳ್ಳುತ್ತದೆ. ಅಂದರೆ ಆದರ್ಶ ಎಂಜಿನ್ನಿನ ಮಿತಿ ಹೆಚ್ಚು ಬದಲಾಗಲಿಲ್ಲ, ನಿಜವಾದ ಎಂಜಿನ್ ಆ ಮಿತಿಯ ಹತ್ತಿರಕ್ಕೆ ಬಂತು.

ಫ್ರಾನ್ಸಿನ ರೈಲು ಎಂಜಿನಿಯರ್ ಆಂದ್ರೆ ಶಪ್ಲಾನ್ ಮಾಡಿದ್ದೂ ಇದೇ ಜಾತಿಯ ಕೆಲಸ. ನಿಮ್ಮ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ, ನನಗೆ ನಿಜವಾಗಿ ಬೇಜಾರಾದದ್ದು ಅಲ್ಲಿ. 1929ರಲ್ಲಿ ಒಂದು ಹಳೆಯ ರೈಲು ಎಂಜಿನ್ ತೆಗೆದುಕೊಂಡು, ಉಗಿ ಓಡಾಡುವ ದಾರಿಗಳನ್ನು ಅಗಲ ಮಾಡಿದ, ಸೂಪರ್‌ಹೀಟ್ ಹೆಚ್ಚಿಸಿದ, ಹೊಗೆಕೊಳವೆಯ ಕೆಳಗಿನ ಊದುಬಾಯಿಯನ್ನು ತಿದ್ದಿದ. ಶಕ್ತಿ ಒಂದೂವರೆ ಪಟ್ಟು ದಾಟಿತು. ಅವನ ದಾರಿಯಲ್ಲೇ ನಡೆದವರು ಅರ್ಜೆಂಟೀನಾದ ಪೋರ್ಟಾ. ಪೋರ್ಟಾ ವಿಚಾರಗಳನ್ನು ಹಿಡಿದು ಡೇವಿಡ್ ವಾರ್ಡೇಲ್ 1981ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಎಂಜಿನ್ ತಿದ್ದಿದಾಗ ಕಲ್ಲಿದ್ದಲು ಸುಮಾರು ಶೇ. 28 ಉಳಿಯಿತು. ಅದಕ್ಕೆ ಕೆಂಪು ಬಣ್ಣ ಬಳಿದದ್ದರಿಂದ 'ರೆಡ್ ಡೆವಿಲ್' ಅಂತ ಹೆಸರಾಯಿತು. ಬಣ್ಣದ ಮಾತು ಲೇಖನಕ್ಕೆ ಬೇಡ, ಸುಮ್ನೆ ಹೇಳಿದೆ.

ನಿಮ್ಮ ಚಿತ್ರದಲ್ಲಿ ಗವರ್ನರ್ (ಎಂಜಿನ್ನಿನ ವೇಗ ಹಿಡಿತದಲ್ಲಿಡುವ ಭಾಗ) ಉಗಿಯ ದಾರಿಯನ್ನೇ ಕಿರಿದು ಮಾಡುತ್ತದೆ. ಶಪ್ಲಾನ್ ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದ. ಕಷ್ಟಪಟ್ಟು ಎಬ್ಬಿಸಿದ ಒತ್ತಡ ಏನೂ ಕೆಲಸ ಮಾಡದೆ ಆ ಕಿಂಡಿಯಲ್ಲೇ ಕಳೆದುಹೋಗುತ್ತದೆ. ದಾರಿ ಪೂರ್ತಿ ತೆರೆದಿಟ್ಟು, ಉಗಿ ಬಿಡುವುದನ್ನು ಬೇಗ ನಿಲ್ಲಿಸಬೇಕು. ಉಳಿದ ದೂರ ಉಗಿ ತಾನೇ ಹಿಗ್ಗಿ ತಳ್ಳಲಿ. ಕಟ್-ಆಫ್ ಅನ್ನುವುದು ಇದನ್ನೇ.

ಹೊರಬಂದ ಉಗಿಯನ್ನು ಒತ್ತಿ ಬಾಯ್ಲರಿಗೆ ಕಳಿಸುವ ಉಪಾಯ ನಡೆಯುವುದಿಲ್ಲ. ಒಂದು ಕಿಲೋ ನೀರನ್ನು ನಿಮ್ಮ ಬಾಯ್ಲರಿಗೆ ಪಂಪ್ ಮಾಡಲು ಬೇಕಾಗುವುದು ಸುಮಾರು 1.5 ಕಿಲೋಜೂಲ್. ಅದೇ ಒಂದು ಕಿಲೋ ಉಗಿಯನ್ನು ಅದೇ ಒತ್ತಡಕ್ಕೆ ಒತ್ತಲು 600ಕ್ಕೂ ಹೆಚ್ಚು. ಆ ಉಗಿ ಹಿಗ್ಗುವಾಗ, ಸೋರಿಕೆಯೇ ಇಲ್ಲದ ಎಂಜಿನ್ನಿನಲ್ಲೂ ಕೊಟ್ಟದ್ದು ಅಷ್ಟಿಲ್ಲ. ಎಂಜಿನ್ ದುಡಿದದ್ದನ್ನೆಲ್ಲ ಕಂಪ್ರೆಸರ್ ನುಂಗಿ ಇನ್ನೂ ಕೇಳುತ್ತದೆ. ಎಷ್ಟೋ ಜನ ಜಾಣರು ಈ ಗುಂಡಿಗೆ ಬಿದ್ದಿದ್ದಾರೆ, ನೀವೊಬ್ಬರೇ ಅಲ್ಲ. ಆ ಎರಡು ಪುಟವೂ ಹೋಗಲಿ.

ಹಾಗಾದರೆ ಏನು ಉಳಿಯಿತು? ನಿಮ್ಮ ಒಂದೇ ಒಂದು ವಾಕ್ಯ. ಡಿಸೆಂಬರಿನಲ್ಲಿ ಮೋಡ ಕವಿದು ಮಳೆ ಹನಿದರೆ ಕಣದಲ್ಲಿ ಹರಡಿದ ಕಾಫಿ ಒಣಗದೆ ಬೂಸ್ಟು ಹಿಡಿಯುತ್ತದೆ ಅಂತ ಬರೆದಿದ್ದೀರಿ. ಬರೆದು, ಮುಂದಿನ ವಾಕ್ಯದಲ್ಲೇ ಮತ್ತೆ ಪಲ್ಪರ್‌ಗೆ ಹೋಗಿದ್ದೀರಿ. ಅರೆ, ಅಲ್ಲೇ ನಿಲ್ಲಬೇಕಿತ್ತು! ಒಂದು ಕಡೆ ಒಣಗಿಸಲು ಬಿಸಿ ಇಲ್ಲ ಅಂತ ಕೊರಗು, ಇನ್ನೊಂದು ಕಡೆ ಎಂಜಿನ್ನಿನಿಂದ ಹೊರಬರುವ ಬಿಸಿಯನ್ನು ಏನು ಮಾಡುವುದು ಅಂತ ಚಿಂತೆ. ಎರಡೂ ಒಂದೇ ಲೇಖನದಲ್ಲಿವೆ, ಒಂದನ್ನೊಂದು ಭೇಟಿಯೇ ಆಗಿಲ್ಲ.

ಲೆಕ್ಕ ನೋಡಿ. ಇಷ್ಟು ಚಿಕ್ಕ ಎಂಜಿನ್ ಎಚ್‌ಪಿಗೆ ಗಂಟೆಗೆ 15 ಕಿಲೋ ಉಗಿ ತಿನ್ನುತ್ತದೆ ಅಂದುಕೊಳ್ಳೋಣ. 10 ಎಚ್‌ಪಿಗೆ 150 ಕಿಲೋ. ಆ ಉಗಿ ಮಾಡಲು ಹೋಗುವ ಶಾಖ ಸುಮಾರು 108 ಕಿಲೋವ್ಯಾಟ್. ಚಕ್ರಕ್ಕೆ ಸಿಗುವುದು ಏಳೂವರೆ. ಅಂದರೆ ಶೇ. 7. ಕೇಳಿದರೆ ನಾಚಿಕೆಯಾಗುವ ಅಂಕಿ. ಆದರೆ ಹೊರಬರುವ ಉಗಿಯಲ್ಲಿ ಇನ್ನೂ 80 ಕಿಲೋವ್ಯಾಟ್ ಇದೆ, ಅದೂ 100 ಡಿಗ್ರಿಯಲ್ಲಿ. ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ತೊಳೆದ ಕಾಫಿ) ಒಣಗಿಸುವಾಗ ಕಾಳು 40 ಡಿಗ್ರಿಯ ಮೇಲೆ ಹೆಚ್ಚು ಹೋಗಬಾರದು. ಆ ಕೆಲಸಕ್ಕೆ ಈ ಉಗಿ ಧಾರಾಳ ಸಾಕು. ಅದನ್ನು ಕೊಳವೆಯಲ್ಲಿ ಹರಿಸಿ, ಕೊಳವೆಯ ಮೇಲೆ ಗಾಳಿ ಬೀಸಿ, ಆ ಗಾಳಿಯನ್ನು ಡ್ರೈಯರ್‌ಗೆ ಬಿಟ್ಟರೆ, ಉಗಿಗೆ ಹಾಕಿದ ಶಾಖದ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ. ನೀವು ಕೇಳಿದ 50ನ್ನೂ ದಾಟಿತು. ಸಕ್ಕರೆ ಕಾರ್ಖಾನೆಗಳು ಇದನ್ನೇ ಮಾಡುತ್ತವೆ. ಕಬ್ಬಿನ ಸಿಪ್ಪೆ ಉರಿಸಿ ಉಗಿಯಿಂದ ಯಂತ್ರ ಓಡಿಸುತ್ತವೆ, ಹೊರಬಂದ ಉಗಿಯಲ್ಲಿ ರಸ ಕುದಿಸುತ್ತವೆ.

ಈ ದಾರಿ ಹಿಡಿದರೆ ಯೂನಿಫ್ಲೋ ಬಿಡಬೇಕಾಗುತ್ತದೆ. ನಿಮಗೆ ಅದರ ಮೇಲೆ ಪ್ರೀತಿ ಅಂತ ಗೊತ್ತು. ಅದರಲ್ಲಿ ಪಿಸ್ಟನ್ ವಾಪಸ್ ಹೊರಟ ಕೂಡಲೇ ಮಧ್ಯದ ತೂತುಗಳು ಮುಚ್ಚಿ, ಉಳಿದ ಉಗಿ ದಾರಿಯುದ್ದಕ್ಕೂ ಒತ್ತಲ್ಪಡುತ್ತದೆ. ಕಂಡೆನ್ಸರ್ ಇದ್ದರೆ ಆ ಉಗಿ ತೆಳು, ತೊಂದರೆಯಿಲ್ಲ. ಡ್ರೈಯರ್‌ಗೆ ಬಿಡುವಾಗ ಅದು ದಪ್ಪ ಇರುತ್ತದೆ, ಕೊನೆಯಲ್ಲಿ ಒತ್ತಡ ಬಾಯ್ಲರಿನದ್ದನ್ನೂ ಮೀರಬಹುದು. ತಪ್ಪಿಸಲು ತುದಿಯಲ್ಲಿ ಖಾಲಿ ಜಾಗ ಬಿಡಬೇಕು, ಇಲ್ಲವೇ ಇನ್ನೊಂದು ವಾಲ್ವ್ ಸೇರಿಸಬೇಕು. ಆಗ ಯೂನಿಫ್ಲೋದ ಸರಳತೆಯೇ ಹೋಯಿತಲ್ಲ? ನಿಮ್ಮ ತೋಟಕ್ಕೆ ಪಿಸ್ಟನ್ ವಾಲ್ವ್ (ಪಿಸ್ಟನ್ನಿನ ಹಾಗೆ ಹಿಂದೆ ಮುಂದೆ ಸರಿದು ಉಗಿ ಬಿಡುವ ವಾಲ್ವ್) ಇರುವ ಸಾದಾ ಸಿಲಿಂಡರ್ ಸಾಕು. ಊರಿನ ಲೇತ್ ಅಂಗಡಿಯಲ್ಲಿ ರಿಪೇರಿಯಾಗುವಂಥದ್ದು ಇರಲಿ.

ಇನ್ನು ಕೆಲವು ಕಡೆ ಓದುಗರು ನಿಮ್ಮನ್ನು ಹಿಡಿದುಹಾಕುತ್ತಾರೆ. ಉರುವಲು ಮೊದಲನೆಯದು. ಪಲ್ಪರ್‌ನಿಂದ ಬೀಳುವ ಸಿಪ್ಪೆ ನೀರು ಸೋರುತ್ತಿರುತ್ತದೆ, ಅದು ಉರಿಯುವುದಿಲ್ಲ. ಚೆನ್ನಾಗಿ ಉರಿಯುವುದು ಒಣ ಚೆರ್ರಿಯ ಹೊಟ್ಟು. ಕಿಲೋಗೆ ಸುಮಾರು 4,000 ಕಿಲೋಕ್ಯಾಲೊರಿ ಕೊಡುತ್ತದೆ, ನಿಮ್ಮ ಬಾಯ್ಲರಿಗೆ ಗಂಟೆಗೆ 40 ಕಿಲೋ ಬೇಕಾದೀತು. ಆದರೆ ಅದು ಹೆಚ್ಚಾಗಿ ಬೀಳುವುದು ಹಾಸನ, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ (ಒಣಗಿದ ಕಾಫಿಯ ಹೊಟ್ಟು ತೆಗೆದು ವಿಂಗಡಿಸುವ ಕಾರ್ಖಾನೆ), ಕಾಫಿ ತೋಟ ಬಿಟ್ಟ ಮೇಲೆ. ವಾಪಸ್ ತರುವ ಲಾರಿ ಬಾಡಿಗೆ ಯಾರು ಕೊಡುತ್ತಾರೆ? ಸಿಲ್ವರ್ ಓಕ್ ಸವರಿದ ರೆಂಬೆ, ಕಿತ್ತ ಹಳೇ ಕಾಫಿ ಗಿಡ ಇವುಗಳ ಲೆಕ್ಕ ಹಾಕಿ ನೋಡಿ. ಎರಡನೆಯದು ಎಣ್ಣೆ. ಸಿಲಿಂಡರಿಗೆ ಹಾಕುವ ಎಣ್ಣೆ ಉಗಿಯ ಜೊತೆ ಹೊರಬರುತ್ತದೆ. ಕಾಫಿ ವಾಸನೆ ಬೇಗ ಹೀರುತ್ತದೆ. ಆದ್ದರಿಂದ ಆ ಉಗಿ ಕಾಳನ್ನು ಮುಟ್ಟಕೂಡದು. ತಣಿದ ನೀರನ್ನು ಬಾಯ್ಲರಿಗೆ ಹಾಕುವ ಮೊದಲೂ ಎಣ್ಣೆ ಬೇರೆ ಮಾಡಬೇಕು. ಇನ್ನೊಂದು, ಕೊಯ್ಲೆಲ್ಲ ಮುಗಿದ ಮೇ ತಿಂಗಳಲ್ಲಿ ಈ ಎಂಜಿನ್ ಏನು ಮಾಡುತ್ತದೆ? ಇದಕ್ಕೆ ನಿಮ್ಮಲ್ಲಿ ಉತ್ತರ ಇರಬೇಕು.

ಬಾಯ್ಲರನ್ನು ಮನೆ ಹಿಂದಿನ ಶೆಡ್ಡಿನಲ್ಲಿ ಹಳೆಯ ಪೈಪಿನಿಂದ ಬೆಸುಗೆ ಹಾಕಿ ಮಾಡಿಕೊಳ್ಳಬಹುದು ಅಂತ ಬರೆದಿದ್ದೀರಿ. ಈ ಸಾಲು ಇದ್ದರೆ ಲೇಖನ ಎಷ್ಟೇ ಚೆನ್ನಾಗಿದ್ದರೂ ನಾನು ಹಾಕುವುದಿಲ್ಲ. 200 ಡಿಗ್ರಿಯ ನೀರು ತುಂಬಿದ ಡ್ರಮ್ ಬಿರಿದರೆ ಐದರಲ್ಲೊಂದು ಪಾಲು ನೀರು ಆ ಕ್ಷಣವೇ ಉಗಿಯಾಗುತ್ತದೆ, ಉಗಿಯಾದದ್ದು 1,600 ಪಟ್ಟು ಜಾಗ ಕೇಳುತ್ತದೆ. ಶೆಡ್ ಉಳಿಯುವುದಿಲ್ಲ, ಪಕ್ಕದಲ್ಲಿ ನಿಂತವರೂ ಉಳಿಯುವುದಿಲ್ಲ. ಬಾಯ್ಲರ್ ತಪಾಸಣೆಗೆ ನಮ್ಮಲ್ಲಿ 1923ರಿಂದ ಕಾಯ್ದೆ ಇತ್ತು, 2025ರಲ್ಲಿ ಅದರ ಜಾಗಕ್ಕೆ ಹೊಸದು ಬಂದಿದೆ. ಸರ್ಟಿಫಿಕೇಟ್ ಇರುವ ಬಾಯ್ಲರ್ ಕೊಂಡರೆ ಎಷ್ಟಾಗುತ್ತದೆ ಅಂತ ವಿಚಾರಿಸಿ ಬರೆಯಿರಿ. ಆ ಖರ್ಚು ಸೇರಿಸಿದ ಮೇಲೂ ಲೆಕ್ಕ ಗಿಟ್ಟದಿದ್ದರೆ, ಗಿಟ್ಟುವುದಿಲ್ಲ ಅಂತಲೇ ಬರೆಯಿರಿ. ಅದನ್ನೂ ಹಾಕುತ್ತೇನೆ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 'ಉಷ್ಣಶಕ್ತಿಯ ಅಪವ್ಯಯವು ಸಮರ್ಥವಾಗಿ ನಿವಾರಿಸಲ್ಪಡುತ್ತದೆ' ಅಂತ ಒಂದು ಕಡೆ ಇದೆ. ಯಾವ ಭಾಗ ತಡೆಯಿತು, ಎಷ್ಟು ತಡೆಯಿತು? ಅಷ್ಟು ಬರೆದರೆ ಸಾಕು. ಕಣದ ಬಗ್ಗೆ ಬರೆದ ವಾಕ್ಯದಲ್ಲಿ ಇಂಥ ತೊಡಕು ಒಂದೂ ಇರಲಿಲ್ಲ.

ಹೊಸ ಪ್ರತಿ ಆರೇಳು ಪುಟ ಮೀರದಿರಲಿ. ಸಿಲಿಂಡರಿನ ಅಡ್ಡಕೊಯ್ತದ ಚಿತ್ರ ಬಿಟ್ಟು, ಬಾಯ್ಲರಿನಿಂದ ಡ್ರೈಯರ್‌ವರೆಗೆ ಉಗಿ ಹೋಗುವ ದಾರಿಯ ಚಿತ್ರ ಬರೆದು ಕಳಿಸಿ. ಪ್ರತಿ ತಿರುವಿನಲ್ಲೂ ಎಷ್ಟು ಡಿಗ್ರಿ, ಎಷ್ಟು ಕಿಲೋವ್ಯಾಟ್ ಅಂತ ಪಕ್ಕದಲ್ಲಿ ನಮೂದಿಸಿ. ಅರೇಬಿಕಾ ಕೊಯ್ಲು ಶುರುವಾಗುವ ಮೊದಲು ಕೈಸೇರಿದರೆ ಆ ತಿಂಗಳ ಸಂಚಿಕೆಗೇ ತೆಗೆದುಕೊಳ್ಳುತ್ತೇನೆ. ಹೊಟ್ಟಿನ ಈಗಿನ ದರವನ್ನು ಕ್ಯೂರಿಂಗ್ ವರ್ಕ್ಸ್‌ನಲ್ಲೇ ಕೇಳಿ ಬರೆಯಿರಿ. ಅಂದಾಜಿನ ದರ ಹಾಕಿದರೆ ನಮ್ಮ ಪ್ಲಾಂಟರ್ ಓದುಗರು ಬೆಳಿಗ್ಗೆ ಆರಕ್ಕೇ ಫೋನ್ ಮಾಡಿ ಬೈಯುತ್ತಾರೆ, ನಿಮಗಲ್ಲ, ನನಗೆ.

ಸಂಪಾದಕ, ಹಾಸನ