ನೆಗಡಿ ಗುಳಿಗೆಗೆ ಒಂದೊಂದು ಕಡೆ ಒಂದೊಂದು ಕಾನೂನು ಯಾಕೆ?

ನಿಮ್ಮ ಪ್ರಶ್ನೆ ಇದು: ಬೆಳಗಾವಿಯ ಮೆಡಿಕಲ್ ಅಂಗಡಿಯವರು ನೆಗಡಿ ಗುಳಿಗೆ ಕೇಳಿದ ಕೂಡಲೇ ಕೊಟ್ಟರು, ಕೆಮ್ಮಿನ ಔಷಧಕ್ಕೆ ಮಾತ್ರ ಡಾಕ್ಟರ ಚೀಟಿ ಬೇಕೇ ಬೇಕು ಅಂದರು, ಅಮೆರಿಕಕ್ಕೆ ಓದಲು ಹೊರಟ ಮಗಳಿಗೆ ಅಲ್ಲಿ ನೆಗಡಿ ಗುಳಿಗೆಗೂ ಗುರುತಿನ ಚೀಟಿ ಕೇಳುತ್ತಾರಂತೆ, ನಿಜವೇ? ನಿಜ. ಅಂಗಡಿಯವರು ಮಾಡಿದ್ದೂ ಸರಿಯೇ ಇದೆ.

ಕಾನೂನು ನೋಡುವುದು ಬ್ರಾಂಡಿನ ಹೆಸರನ್ನಲ್ಲ, ಒಳಗಿರುವ ಮದ್ದನ್ನು. ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿರಿ. ಸಾಮಾನ್ಯ ನೆಗಡಿ ಗುಳಿಗೆಯಲ್ಲಿ ಪ್ಯಾರಾಸಿಟಮಾಲ್ 500 ಮಿ.ಗ್ರಾಂ, ಫಿನೈಲ್‌ಎಫ್ರಿನ್ 10, ಕ್ಲೋರ್‌ಫೆನಿರಮೈನ್ 2 ಇರುತ್ತದೆ. ಈ ಕ್ಲೋರ್‌ಫೆನಿರಮೈನ್ 1945ರ ಔಷಧ ನಿಯಮಗಳ 'ಜಿ' ಅನುಸೂಚಿಯಲ್ಲಿದೆ. ಅಂದರೆ ವೈದ್ಯರ ನಿಗಾದಲ್ಲಿ ತಗೊಳ್ಳಿ ಎಂಬ ಎಚ್ಚರಿಕೆ ಮೇಲಿರಬೇಕು, ಚೀಟಿ ಕಡ್ಡಾಯವಲ್ಲ. ತೂಕಡಿಕೆ ತರುವುದು ಇದೇ, ನುಂಗಿ ಬೈಕ್ ಹತ್ತಬೇಡಿ. ಜ್ವರ ಇದೆ ಅಂತ ಇದರ ಮೇಲೆ ಇನ್ನೊಂದು ಪ್ಯಾರಾಸಿಟಮಾಲ್ ನುಂಗುವವರು ಬಹಳ. ಒಂದೇ ಮದ್ದು ಎರಡು ಸಲ ಹೊಟ್ಟೆಗೆ ಹೋಗುತ್ತದೆ, ಪೆಟ್ಟು ಲಿವರಿಗೆ.

ಕೆಮ್ಮಿನ ಔಷಧದಲ್ಲಿ ಕೊಡೀನ್ ಎಂಬ ಅಫೀಮು ಜಾತಿಯ ಮದ್ದು ಇದ್ದರೆ ಲೆಕ್ಕವೇ ಬೇರೆ. ಅದು 2014ರ ಮಾರ್ಚ್ 1ರಿಂದ ಜಾರಿಗೆ ಬಂದ 'ಎಚ್1' ಅನುಸೂಚಿಯ ಮದ್ದು. ಲೇಬಲ್ ಮೇಲೆ ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ ಇರುತ್ತದೆ. ಚೀಟಿ ಬರೆದ ಡಾಕ್ಟರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಮದ್ದು, ಪ್ರಮಾಣ ಇಷ್ಟನ್ನೂ ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಚೀಟಿ ಇಲ್ಲದೆ ಕೊಡಿ ಅಂತ ಅವರನ್ನು ಒತ್ತಾಯಿಸಬೇಡಿ, ಲೈಸೆನ್ಸ್ ಹೋಗುವ ಮಾತು ಅದು.

ಕಿರಾಣಿ ಅಂಗಡಿಯ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಖಾನಾಪುರ ತಾಲೂಕಿನ ಕಾಡಂಚಿನಂಥ ಸಣ್ಣ ಊರುಗಳಲ್ಲಿ, ಜನಸಂಖ್ಯೆ 1,000 ಮೀರದಿದ್ದರೆ, 'ಕೆ' ಅನುಸೂಚಿಯ ಪ್ರಕಾರ ಪ್ಯಾರಾಸಿಟಮಾಲ್, ನೋವಿನ ಬಾಮು, ಮೂಗಿಗೆ ಹಿಡಿಯುವ ಇನ್‌ಹೇಲರ್‌ಗಳನ್ನು ಲೈಸೆನ್ಸ್ ಇಲ್ಲದೆ ಮಾರಬಹುದು. ಆದರೆ ಮಾಲು ಲೈಸೆನ್ಸ್ ಇದ್ದವರಿಂದ ತಂದಿರಬೇಕು, ಕಂಪನಿಯ ಪ್ಯಾಕು ಒಡೆದಿರಬಾರದು, ಒಳಗೆ ಜಿ, ಎಚ್, ಎಕ್ಸ್ ಅನುಸೂಚಿಯ (ಎಚ್, ಎಕ್ಸ್ ಅಂದರೆ ಡಾಕ್ಟರ ಚೀಟಿ ಬೇಕಾದ ಮದ್ದುಗಳ ಪಟ್ಟಿ) ಯಾವ ಮದ್ದೂ ಇರಬಾರದು. ಹಾಗಾಗಿ ಮೇಲೆ ಹೇಳಿದ ನೆಗಡಿ ಗುಳಿಗೆ ಕಿರಾಣಿ ಅಂಗಡಿಯ ಸರಕಲ್ಲ. ಮೆಡಿಕಲ್‌ನಲ್ಲೂ ಕತ್ತರಿಯಿಂದ ನಾಲ್ಕು ಗುಳಿಗೆ ಕತ್ತರಿಸಿ ಕೊಟ್ಟರೆ, ಹೆಸರು, ಬ್ಯಾಚ್, ಅವಧಿ ಅಚ್ಚಾದ ತುದಿ ಅಂಗಡಿಯಲ್ಲೇ ಉಳಿದಿರುತ್ತದೆ. ಆ ತುದಿಯ ಫೋಟೊ ತೆಗೆದುಕೊಳ್ಳಿ, ಬಿಲ್ ಬಿಡಬೇಡಿ.

ಮನೆಯಲ್ಲಿ ಕೂಸು ಇದ್ದರೆ ಇದನ್ನೂ ನೆನಪಿಡಿ: ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಕೂಡಿಸಿದ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಲೇಬಲ್ ಮೇಲೆ ಬರೆಯಲು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶಿಸಿದ್ದಾರೆ.

ಇನ್ನು ಅಮೆರಿಕ. ಅಲ್ಲಿ ನೆಗಡಿ ಗುಳಿಗೆಗಳಲ್ಲಿ ತಡೆ ಇರುವುದು ಮುಖ್ಯವಾಗಿ ಕಟ್ಟಿದ ಮೂಗು ಬಿಡಿಸುವ ಸುಡೊಎಫೆಡ್ರಿನ್ ಎಂಬ ಮದ್ದಿಗೆ, ಅದರಿಂದ ಮೆಥ್ ಎಂಬ ಮಾದಕ ವಸ್ತು ತಯಾರಿಸುತ್ತಾರೆಂಬ ಕಾರಣಕ್ಕೆ. 2006ರಿಂದ ಅದು ಕೌಂಟರಿನ ಹಿಂದೆಯೇ ಇರಬೇಕು. ಫೋಟೊ ಇರುವ ಗುರುತಿನ ಚೀಟಿ ತೋರಿಸಿ, ಹೆಸರು ವಿಳಾಸ ಕೊಟ್ಟು, ಸಹಿ ಮಾಡಬೇಕು. ಮಗಳು ಪಾಸ್‌ಪೋರ್ಟ್ ಒಯ್ಯಲಿ. ಮಿತಿ ದಿನಕ್ಕೆ 3.6 ಗ್ರಾಂ, 30 ದಿನಕ್ಕೆ 9 ಗ್ರಾಂ. ಇದು ಗುಳಿಗೆಯ ತೂಕವಲ್ಲ, ಮದ್ದಿಗೆ ಕೂಡಿದ ಲವಣದ ಭಾಗ ಬಿಟ್ಟು ಉಳಿದ ಮೂಲ ಮದ್ದಿನ ಲೆಕ್ಕ: 30 ಮಿ.ಗ್ರಾಂ ಗುಳಿಗೆಯಾದರೆ ದಿನಕ್ಕೆ 146. ಒಬ್ಬಳ ನೆಗಡಿಗೆ ಇದು ಧಾರಾಳ. ತೊಂದರೆ ಬರುವುದು ರೂಮಿನ ಗೆಳತಿಯರಿಗೆಲ್ಲ ಅಂತ ಒಬ್ಬಳ ಹೆಸರಿನಲ್ಲೇ ಮೇಲಿಂದ ಮೇಲೆ ಕೊಂಡಾಗ; 30 ದಿನದ ಮಿತಿ ಮೀರಿದರೆ ತಪ್ಪು ಕೊಂಡವರದ್ದೂ ಆಗುತ್ತದೆ.

ಅಲ್ಲಿ ಗುರುತಿನ ಚೀಟಿ ಕೇಳದೆ ಕಪಾಟಿನಲ್ಲಿ ಸಿಗುವುದು ಫಿನೈಲ್‌ಎಫ್ರಿನ್ ಗುಳಿಗೆ. ಅದನ್ನು ಕೊಂಡು ದುಡ್ಡು ಹಾಳು ಮಾಡಿಕೊಳ್ಳಬೇಡ ಅಂತ ಮಗಳಿಗೆ ಹೇಳಿ. ನುಂಗಿದರೆ ಕಟ್ಟಿದ ಮೂಗು ಬಿಡಿಸಲು ಅದು ನಾಟುವುದಿಲ್ಲ ಎಂದು 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಸಲಹಾ ಸಮಿತಿ ಒಮ್ಮತದಿಂದ ಹೇಳಿದೆ.

ಇಲ್ಲಿಂದ ಒಯ್ಯುವುದಿದ್ದರೆ ಪೂರ್ತಿ ಸ್ಟ್ರಿಪ್, ಡಾಕ್ಟರ ಚೀಟಿ, ಬಿಲ್ ಮೂರೂ ಒಂದೇ ಚೀಲದಲ್ಲಿರಲಿ. ಮುಂದೆ ಜಪಾನಿಗೆ ಹೋಗುವುದಾದರೆ ಶೇ. 10ಕ್ಕಿಂತ ಹೆಚ್ಚು ಸುಡೊಎಫೆಡ್ರಿನ್ ಇರುವ ಮದ್ದನ್ನು ಮನೆಯಲ್ಲೇ ಬಿಟ್ಟುಹೋಗಲಿ, ಮುಂಗಡ ಅನುಮತಿ ಇಲ್ಲದೆ ಅಲ್ಲಿಗೆ ಅದನ್ನು ಒಯ್ಯುವಂತಿಲ್ಲ.