ತಾಳಿ ಕಟ್ಟಿದ್ದಾಯ್ತು, ವೀಸಾ ಯಾವಾಗ?

ಬೇರೆ ದೇಶದವರನ್ನು ಮದುವೆಯಾದವರ ಕಾಗದಪತ್ರದ ಪಾಡಿನ ಬಗ್ಗೆ ಹೋದ ತಿಂಗಳು ಇದೇ ಪುಟದಲ್ಲಿ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲೆ ಅಲ್ಲ. ನಮ್ಮ ಮನೆಯವರು ನೆದರ್ಲೆಂಡ್ಸ್‌ನವರು, ಹದಿಮೂರು ವರ್ಷದಿಂದ ಒಂದಲ್ಲ ಒಂದು ಕಚೇರಿಯ ಕ್ಯೂನಲ್ಲಿ ನಿಂತು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಬೀರುವಿನಲ್ಲಿ ಒಂದು ದಪ್ಪ ನೀಲಿ ಫೈಲ್ ಇದೆ, ಒಡವೆ ಡಬ್ಬಿಗಿಂತ ಅದನ್ನೇ ಒಳಗೆ ಇಟ್ಟಿದ್ದೇವೆ. ಶುಲ್ಕ, ಮೊತ್ತ ಎಲ್ಲ ಬದಲಾಗುತ್ತಲೇ ಇರುತ್ತವೆ, ಅರ್ಜಿ ಹಾಕುವ ದಿನ ಆಯಾ ಸರ್ಕಾರದ ವೆಬ್‌ಸೈಟ್ ಇನ್ನೊಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ನಾನು ಶಿವಮೊಗ್ಗದವಳು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಹುಡುಗ ಬ್ರಿಟಿಷ್ ಪ್ರಜೆ, ಕ್ರಿಶ್ಚಿಯನ್, ಲೀಡ್ಸ್‌ನಲ್ಲಿದ್ದಾನೆ. ಅವನಿಗೆ ಸಿಗೋದು ಮೂರು ವಾರ ರಜೆ. ಅಷ್ಟರಲ್ಲಿ ನಮ್ಮೂರ ದೇವಸ್ಥಾನದಲ್ಲಿ ಮದುವೆ ಮುಗಿಸಿ, ವಿಸಿಟರ್ ವೀಸಾದಲ್ಲಿ ಅವನ ಜೊತೆಗೇ ಹೋಗಿ, ಅಲ್ಲೇ ಸ್ಪೌಸ್ ವೀಸಾಕ್ಕೆ ಬದಲಾಯಿಸಿಕೊಳ್ಳಬಹುದಾ ಮೇಡಂ?

ಆಗಲ್ಲ ಕಣಮ್ಮ. ಮೂರು ವಾರದ ಮದುವೆಯೂ ಆಗಲ್ಲ, ಅಲ್ಲಿ ಹೋಗಿ ವೀಸಾ ಬದಲಾಯಿಸೋದೂ ಆಗಲ್ಲ.

ಮೊದಲು ಮದುವೆ ವಿಷಯ. ಹಿಂದೂ ವಿವಾಹ ಕಾಯ್ದೆಯಲ್ಲಿ ನೋಂದಣಿ ಆಗಬೇಕಾದರೆ ಇಬ್ಬರೂ ಹಿಂದೂಗಳಾಗಿರಬೇಕು. ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಳ್ಳಿ, ಅಮ್ಮನಿಗೆ ಸಮಾಧಾನ, ಫೋಟೋನೂ ಚೆನ್ನಾಗಿ ಬರುತ್ತವೆ, ಆದರೆ ವೀಸಾ ಕಚೇರಿಗೆ ಅದು ಮದುವೆ ಅಲ್ಲ. ನಿಮಗಿರುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಮದುವೆಯಾಗುತ್ತೇವೆ ಅಂತ ನೋಟಿಸ್ ಕೊಡುವ ಮುಂಚೆ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸ ಇರಬೇಕು, ಅದು ನೀವೇ ಆದರೂ ನಡೆಯುತ್ತದೆ. ನೋಟಿಸ್ ಕೊಟ್ಟ ಮೇಲೆ ಮತ್ತೆ 30 ದಿನ ಅದು ಸಬ್ ರಿಜಿಸ್ಟ್ರಾರ್ ಕಚೇರಿಯ ಬೋರ್ಡಿನ ಮೇಲೆ ಇರುತ್ತದೆ. ನಮ್ಮದು ಅಂಟಿಸಿದ್ದಾಗ ನಾನೇ ಹೋಗಿ ನೋಡಿದ್ದೆ, ಜಮೀನು ಹರಾಜಿನ ಒಂದು ಹಳೇ ಪ್ರಕಟಣೆಯ ಪಕ್ಕದಲ್ಲಿ ನಮ್ಮಿಬ್ಬರ ಫೋಟೋ, ಫ್ಯಾನ್ ಗಾಳಿಗೆ ಪಟಪಟ ಅಂತ ಹೊಡೆದುಕೊಳ್ಳುತ್ತಿತ್ತು. ಆ ತಿಂಗಳು ಕಳೆದ ಮೇಲೆ ಮೂರು ಜನ ಸಾಕ್ಷಿಗಳ ಮುಂದೆ ಸಹಿ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಅದು ಬಿದ್ದುಹೋಗುತ್ತದೆ, ಮತ್ತೆ ಮೊದಲಿಂದ. ಹಾಗಾಗಿ ಹುಡುಗ ಒಂದೋ ಉದ್ದದ ರಜೆ ಹಾಕಬೇಕು, ಇಲ್ಲವೇ ಎರಡು ಸಲ ಬರಬೇಕು. ಅವನಿಗೆ ಇನ್ನೂ ಮದುವೆಯಾಗಿಲ್ಲ ಅನ್ನುವುದಕ್ಕೆ ಏನು ದಾಖಲೆ ಬೇಕು ಅಂತ ನಿಮ್ಮ ಕಚೇರಿಯಲ್ಲಿ ಈಗಲೇ ಕೇಳಿ. ಅವನು ವಿಮಾನ ಹತ್ತಿದ ಮೇಲೆ ಕೇಳಿದರೆ ಏನೂ ಪ್ರಯೋಜನ ಇಲ್ಲ.

ಇನ್ನು ಬ್ರಿಟನ್. ವಿಸಿಟರ್ ವೀಸಾದಲ್ಲಿ ಹೋದವರು ಅಲ್ಲಿದ್ದುಕೊಂಡೇ ಸ್ಪೌಸ್ ವೀಸಾಕ್ಕೆ ಬದಲಾಗಲು ನಿಯಮದಲ್ಲಿ ಅವಕಾಶ ಇಲ್ಲ. ನೀವು ಇಲ್ಲಿಂದಲೇ ಅರ್ಜಿ ಹಾಕಬೇಕು. ಆಗ ಎದುರಾಗುವ ದೊಡ್ಡ ಗೋಡೆ ದುಡ್ಡು. 2012ರಲ್ಲಿ ಬ್ರಿಟನ್ ಸರ್ಕಾರ ವರ್ಷಕ್ಕೆ 18,600 ಪೌಂಡ್ ಆದಾಯ ಇರಬೇಕು ಅಂತ ಗೆರೆ ಎಳೆಯಿತು, 2024ರ ಏಪ್ರಿಲ್‌ನಲ್ಲಿ ಅದನ್ನು ಒಂದೇ ಸಲಕ್ಕೆ 29,000ಕ್ಕೆ ಏರಿಸಿತು. ಈ ಆದಾಯ ತೋರಿಸಬೇಕಾದವನು ಹುಡುಗ. ನಿಮ್ಮ ಬೆಂಗಳೂರಿನ ಸಂಬಳ ಎಷ್ಟೇ ಇರಲಿ, ಅವನದಕ್ಕಿಂತ ಜಾಸ್ತಿಯೇ ಇರಲಿ, ಇಲ್ಲಿಂದ ಹಾಕುವ ಅರ್ಜಿಗೆ ಅದು ಲೆಕ್ಕಕ್ಕೇ ಬರಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಇದು ತಲೆಗೆ ಹೋಗುವುದೇ ಇಲ್ಲ, ನಾನೂ ದುಡೀತೀನಲ್ಲ ಅಂತಾರೆ. ಉಳಿತಾಯದ ಹಣ ತೋರಿಸಬಹುದು, ಆದರೆ ಆದಾಯವೇ ಇಲ್ಲದೆ ಬರೀ ಉಳಿತಾಯದ ಮೇಲೆ ಹೋಗಬೇಕಾದರೆ 88,500 ಪೌಂಡ್ ಬೇಕು. ಅಷ್ಟು ಇದ್ದವರು ನನಗೆ ಪತ್ರ ಬರೆಯಲ್ಲ ಬಿಡಿ.

ಅರ್ಜಿ ಶುಲ್ಕ ಬೇರೆ. ಅದರ ಮೇಲೆ ಆರೋಗ್ಯ ಸೇವೆಗೆ ಅಂತ ವರ್ಷಕ್ಕೆ 1,035 ಪೌಂಡ್. ಮೊದಲ ವೀಸಾ 33 ತಿಂಗಳದ್ದು, ಅದಕ್ಕೆ ಮೂರು ವರ್ಷದ್ದು ಅಂತ ಒಟ್ಟು 3,105 ಪೌಂಡ್ ಒಂದೇ ಸಲ ಕಟ್ಟಬೇಕು, ಕಂತು ಗಿಂತು ಇಲ್ಲ. ಕ್ಷಯ ಪರೀಕ್ಷೆ ಮಾಡಿಸಬೇಕು. ಇಂಗ್ಲಿಷ್ ಪರೀಕ್ಷೆ ಎ1 ಮಟ್ಟದ್ದು, ಅಂದರೆ ತೀರಾ ಮೊದಲ ಹಂತದ್ದು, ಇಂಗ್ಲಿಷ್ ಮೀಡಿಯಂನಲ್ಲಿ ಡಿಗ್ರಿ ಮಾಡಿದ್ದರೆ ಪರೀಕ್ಷೆ ಬದಲು ಎಕ್ಟಿಸ್ ಎಂಬ ಸಂಸ್ಥೆಯಿಂದ ಪತ್ರ ತರಿಸಿಕೊಳ್ಳಬಹುದು.

ನಿಮ್ಮ ಸಂಬಂಧ ನಿಜ ಅನ್ನುವುದಕ್ಕೆ ಪುರಾವೆ ಕೇಳುತ್ತಾರೆ. ಹಾರ ಹಾಕಿಕೊಂಡ ಇನ್ನೂರು ಫೋಟೋ ಬೇಡ, ಅವರಿಗೆ ಎಲ್ಲ ಹಾರವೂ ಒಂದೇ ತರಹ ಕಾಣುತ್ತದೆ. ಅವನು ಬಂದುಹೋದ ಟಿಕೆಟ್, ಎರಡು ಮೂರು ವರ್ಷದ ವಿಡಿಯೋ ಕಾಲ್ ಪಟ್ಟಿಯಿಂದ ತಿಂಗಳಿಗೊಂದು ಪುಟ, ನಿಮ್ಮಪ್ಪನ ಆಪರೇಷನ್ ಸಮಯದಲ್ಲಿ ಅವನು ಹಣ ಕಳಿಸಿದ್ದರೆ ಅದರ ರಸೀದಿ, ಇಂಥದ್ದು ಇಡಿ.

ಅವನ ರಜೆಯ ಗಂಟನ್ನೇ ಬಿಡಿಸಲಾಗದಿದ್ದರೆ ಇನ್ನೊಂದು ದಾರಿ ಇದೆ. ಫಿಯಾನ್ಸೆ ವೀಸಾ ಅಂತ ಆರು ತಿಂಗಳದ್ದು ಸಿಗುತ್ತದೆ, ಅಲ್ಲಿ ಹೋಗಿ ಆ ಅವಧಿಯಲ್ಲಿ ಮದುವೆಯಾಗಿ ಅಲ್ಲಿಂದಲೇ ಸ್ಪೌಸ್ ವೀಸಾ ಕೇಳಬಹುದು. ಆದರೆ ಫಿಯಾನ್ಸೆ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ಶುಲ್ಕವನ್ನೂ ಎರಡೆರಡು ಸಲ ಕಟ್ಟಬೇಕು. ನನ್ನನ್ನು ಕೇಳಿದರೆ ಇಲ್ಲೇ ರಿಜಿಸ್ಟರ್ ಮಾಡಿಸಿಕೊಂಡು ಸ್ಪೌಸ್ ವೀಸಾಕ್ಕೇ ಹಾಕಿ. ಛತ್ರ ಬುಕ್ ಮಾಡೋದು ಆಮೇಲೆ. ಅವನ ಆರು ತಿಂಗಳ ಸಂಬಳದ ಚೀಟಿ ಮೊದಲು ತರಿಸಿ ನೋಡಿ.

ಪ್ರಶ್ನೆ: ಮಗ ಟೆಕ್ಸಾಸ್‌ನಲ್ಲಿ ಎಚ್1ಬಿ ಅನ್ನುವ ಕೆಲಸದ ವೀಸಾ ಮೇಲೆ ಇದ್ದಾನೆ. ಬ್ರೆಜಿಲ್ ಹುಡುಗಿಯನ್ನು ಅಲ್ಲಿಯ ಕೋರ್ಟಿನಲ್ಲಿ ಮದುವೆಯಾದ. ನಮಗೆ ಹೇಳಿದ್ದು ಆಮೇಲೆ. ಈಗ ಅವಳಿಂದಾಗಿ ಇವನಿಗೆ ಗ್ರೀನ್ ಕಾರ್ಡ್ ಬೇಗ ಸಿಗುತ್ತದಂತೆ, ನಿಜವಾ? ಸೊಸೆ ದಾವಣಗೆರೆಗೆ ಬರಬೇಕಾದರೆ ಏನು ಮಾಡಬೇಕು?

ಅಮ್ಮಾ, ಕೋಪ ಮೊದಲನೇ ಸಾಲಿನಲ್ಲೇ ಗೊತ್ತಾಯ್ತು. ಆದರೆ ಮಗ ಹೇಳಿದ್ದು ಸುಳ್ಳಲ್ಲ.

ಅಮೆರಿಕದಲ್ಲಿ ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡಿಗೆ ಒಂದು ದೇಶದಲ್ಲಿ ಹುಟ್ಟಿದವರಿಗೆ ಹೆಚ್ಚು ಕಡಿಮೆ ಶೇಕಡಾ 7ರಷ್ಟೇ ಅಂತ ಮಿತಿ ಇದೆ. ಭಾರತದಲ್ಲಿ ಹುಟ್ಟಿದವರು ಅಷ್ಟೊಂದು ಜನ ಅರ್ಜಿ ಹಾಕಿರುವುದರಿಂದ ನಮ್ಮವರ ಸಾಲು ವರ್ಷಗಟ್ಟಲೆ ಅಲುಗಾಡಲ್ಲ. ಗಂಡ ಹೆಂಡತಿ ಬೇರೆ ಬೇರೆ ದೇಶದಲ್ಲಿ ಹುಟ್ಟಿದ್ದರೆ ಮಾತ್ರ, ಇಬ್ಬರಲ್ಲಿ ಯಾರ ದೇಶದ ಸಾಲು ಚಿಕ್ಕದೋ ಅದರಲ್ಲಿ ಇಬ್ಬರೂ ನಿಲ್ಲಬಹುದು. ಲೆಕ್ಕ ಹುಟ್ಟಿದ ದೇಶದ್ದು, ಪಾಸ್‌ಪೋರ್ಟ್‌ದ್ದಲ್ಲ. ಸೊಸೆ ಬ್ರೆಜಿಲ್‌ನಲ್ಲೇ ಹುಟ್ಟಿದ್ದರೆ ನಿಮ್ಮ ಮಗನಿಗೆ ಅವಳ ಸಾಲು ಸಿಗುತ್ತದೆ. ಕೆನಡಾ ಪಾಸ್‌ಪೋರ್ಟ್ ಇಟ್ಟುಕೊಂಡ ಹುಬ್ಬಳ್ಳಿಯಲ್ಲಿ ಹುಟ್ಟಿದ ಹುಡುಗಿ ಆಗಿದ್ದರೆ ಏನೂ ಲಾಭ ಇರಲಿಲ್ಲ. ಮಗ ತನ್ನ ಕಂಪನಿಯ ಇಮಿಗ್ರೇಷನ್ ವಕೀಲರಿಗೆ ಹೆಂಡತಿಯ ಜನನ ಪ್ರಮಾಣಪತ್ರ ಕೊಟ್ಟು ಇದನ್ನು ಕೇಳಲಿ. ಕೇಳದೆ ಸುಮ್ನೆ ಇದ್ದರೆ ಕಂಪನಿಯವರು ಭಾರತದ ಸಾಲಿನಲ್ಲೇ ಬಿಟ್ಟುಬಿಡುವ ಸಾಧ್ಯತೆ ಇದೆ.

ಅಲ್ಲಿಯವರೆಗೆ ಅವಳು ಎಚ್4 ಮೇಲೆ ಇರಬಹುದು, ಅದು ಎಚ್1ಬಿಯವರ ಹೆಂಡತಿ ಮಕ್ಕಳಿಗೆ ಕೊಡುವ ವೀಸಾ. ಮಗನ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಮಂಜೂರಾಗಿದ್ದರೆ ಎಚ್4ನಲ್ಲಿ ಇರುವವರು ಕೆಲಸದ ಅನುಮತಿ ಕೇಳುವ ವ್ಯವಸ್ಥೆ 2015ರಿಂದ ಇದೆ.

ದಾವಣಗೆರೆಗೆ ಬರೋದು ಸುಲಭ. ಒಂದು ತಿಂಗಳಿಗಾದರೆ ಟೂರಿಸ್ಟ್ ವೀಸಾ ಸಾಕು. ಮೇಲಿಂದ ಮೇಲೆ ಬರುವುದಾದರೆ ಭಾರತೀಯನ ಹೆಂಡತಿ ಅಂತ ಎಂಟ್ರಿ ವೀಸಾ ಕೇಳಲಿ, ಅಲ್ಲಿಯ ಮದುವೆ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿ ಅಂತ ಬೇರೆ ದೇಶದವರಿಗೆ ತೋರಿಸುವ ಸರ್ಕಾರಿ ಮುದ್ರೆ, ಹಾಕಿಸಿ ತರಲಿ. ಬೆಣ್ಣೆ ದೋಸೆ ತಿನ್ನಿಸಿ, ಆಮೇಲೆ ಬಯ್ಯುವುದಿದ್ದರೆ ಮಗನನ್ನು ಬಯ್ಯಿರಿ.

ಪ್ರಶ್ನೆ: ನಾನು ಮಡಿಕೇರಿಯವಳು, ಪತಿ ಫ್ರೆಂಚ್ ಪ್ರಜೆ. ಮದುವೆ ರಿಜಿಸ್ಟರ್ ಆಗಿ ಹದಿನಾಲ್ಕು ತಿಂಗಳಾಯ್ತು. ಇಲ್ಲೇ ನೆಲೆಸುವ ಆಸೆ. ಅವರಿಗೆ ಭಾರತದ ಪೌರತ್ವ ಸಿಗುತ್ತದಾ? ಅವರ ಹೆಸರಿನಲ್ಲಿ ಸ್ವಲ್ಪ ಕಾಫಿ ತೋಟ ತೆಗೆದುಕೊಳ್ಳಬಹುದಾ?

ಇನ್ನು ಹತ್ತು ತಿಂಗಳು ತಾಳಿ, ಓಸಿಐ ಕಾರ್ಡಿಗೆ ಅರ್ಜಿ ಹಾಕಬಹುದು, ವಿದೇಶಿ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ನೆಲೆಸಲು ಬಿಡುವ ಕಾರ್ಡ್ ಅದು. ಭಾರತೀಯರ ಪತಿ ಅಥವಾ ಪತ್ನಿಗೆ ಅದು ಸಿಗಬೇಕಾದರೆ ಮದುವೆ ನೋಂದಣಿಯಾಗಿ, ಅರ್ಜಿ ಹಾಕುವ ಹಿಂದಿನ ಎರಡು ವರ್ಷ ಬಿಡದೆ ನಡೆದಿರಬೇಕು. ಪಾಕಿಸ್ತಾನ, ಬಾಂಗ್ಲಾದೇಶದ ನಂಟು ಇದ್ದವರಿಗೆ ಸಿಗಲ್ಲ, ನಿಮಗೆ ಆ ತೊಂದರೆ ಇಲ್ಲ ಅಂದುಕೊಳ್ಳುತ್ತೇನೆ. ಅಲ್ಲಿಯವರೆಗೆ ಎಕ್ಸ್ ವೀಸಾ, ಅಂದರೆ ಎಂಟ್ರಿ ವೀಸಾ. 180 ದಿನಕ್ಕಿಂತ ಜಾಸ್ತಿಯ ವೀಸಾ ಆದರೆ ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒದಲ್ಲಿ, ಅಂದರೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ, ನೋಂದಣಿ. ಈಗ ಅದು ಆನ್‌ಲೈನ್, ಮಡಿಕೇರಿಯಿಂದ ಬೆಂಗಳೂರಿಗೆ ಬಸ್ ಹತ್ತುವುದು ಅವರು ಕರೆದರೆ ಮಾತ್ರ.

ಎಕ್ಸ್ ವೀಸಾ ಕೆಲಸದ ವೀಸಾ ಅಲ್ಲ. ಪಕ್ಕದ ಶಾಲೆಯಲ್ಲಿ ವಾರಕ್ಕೆರಡು ದಿನ ಫ್ರೆಂಚ್ ಹೇಳಿಕೊಡೋದಾದರೂ ಮುಂಚೆ ಅನುಮತಿ ಕೇಳಿ. ಯಾರಿಗೆ ಗೊತ್ತಾಗುತ್ತೆ ಅನ್ನಬೇಡಿ, ಊರಲ್ಲಿ ಒಬ್ಬನೇ ಫ್ರೆಂಚ್ ಮನುಷ್ಯ, ಎಲ್ಲರಿಗೂ ಗೊತ್ತಾಗುತ್ತದೆ.

ತೋಟ ಮಾತ್ರ ಅವರ ಹೆಸರಿಗೆ ಬೇಡ. ಓಸಿಐ ಬಂದ ಮೇಲೂ ಅವರು ಮನೆ, ಫ್ಲ್ಯಾಟ್ ಕೊಳ್ಳಬಹುದು, ಕೃಷಿ ಜಮೀನು, ಪ್ಲಾಂಟೇಷನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಕಾಫಿ ತೋಟ ಪ್ಲಾಂಟೇಷನ್ನೇ. ನಿಮ್ಮ ಹೆಸರಿನಲ್ಲಿ ತೆಗೆದುಕೊಳ್ಳಿ. ನಿಮ್ಮ ನಂತರ ವಾರಸಿನಲ್ಲಿ ಅವರಿಗೆ ಬರುವುದು ಬೇರೆ ವಿಷಯ, ಅದಕ್ಕೆ ವಕೀಲರ ಹತ್ತಿರ ಕೂತು ಉಯಿಲು ಬರೆಸಿ. ಮತ ಹಾಕುವ ಹಕ್ಕು, ಸರ್ಕಾರಿ ನೌಕರಿ ಇವೂ ಓಸಿಐಗೆ ಇಲ್ಲ.

ಪೌರತ್ವ ಮದುವೆಯಾದ ತಕ್ಷಣ ಸಿಗುವಂಥದ್ದಲ್ಲ. ಭಾರತೀಯರನ್ನು ಮದುವೆಯಾದವರು ಏಳು ವರ್ಷ ಇಲ್ಲಿ ವಾಸವಿದ್ದ ಮೇಲೆ ಅರ್ಜಿ ಹಾಕಬಹುದು. ಎರಡು ಪೌರತ್ವ ನಮ್ಮಲ್ಲಿ ಇಲ್ಲ, ಹಾಗಾಗಿ ಫ್ರೆಂಚ್ ಪಾಸ್‌ಪೋರ್ಟ್ ಬಿಡಬೇಕು. ನಮ್ಮ ಮನೆಯವರು ಬಿಟ್ಟಿಲ್ಲ, ನಾನೂ ಬಿಡಿ ಅಂತ ಹೇಳಿಲ್ಲ. ಅವರಮ್ಮನಿಗೆ ಎಂಬತ್ತಾರು, ನಾಳೆ ಫೋನ್ ಬಂದರೆ ವೀಸಾಕ್ಕೆ ಕಾಯದೆ ಹೊರಡಬೇಕಲ್ಲ.

ನೀವು ಕೇಳದ ಒಂದು ಮಾತು. ಮದುವೆಯ ಮೇಲೆ ಸಿಕ್ಕ ಓಸಿಐ, ವಿಚ್ಛೇದನವಾದರೆ ರದ್ದಾಗುತ್ತದೆ. ಹಾಗೆ ಆಗಲಿ ಅಂತ ಹೇಳುತ್ತಿಲ್ಲಮ್ಮ. ಇಲ್ಲೇ ಮನೆ, ಮಕ್ಕಳು, ಕೆಲಸ ಎಲ್ಲ ಕಟ್ಟಿಕೊಂಡ ಮನುಷ್ಯನ ಇರವು ಒಂದು ಸಂಬಂಧದ ಮೇಲೆ ನಿಂತಿರುತ್ತದೆ ಅನ್ನೋದು ಮನೆಯಲ್ಲಿ ಜಗಳ ಆದಾಗ ನನಗೆ ನೆನಪಾಗುತ್ತದೆ. ಅವರೂ ಒಮ್ಮೆ ನಗುತ್ತಾ ಹೇಳಿದ್ದರು, 'ನೀನು ಸಿಟ್ಟಾದರೆ ನನಗೆ ಬರೀ ಊಟ ತಪ್ಪೋದಲ್ಲ, ದೇಶವೇ ತಪ್ಪುತ್ತೆ' ಅಂತ. ನಾನು ನಗಲಿಲ್ಲ.

ಪ್ರಶ್ನೆ: ನಮ್ಮ ಮಗು ಬೆಂಗಳೂರಿನಲ್ಲಿ ಹುಟ್ಟಿದೆ. ತಂದೆ ವಿದೇಶಿ, ಸರಿಯಾದ ವೀಸಾದಲ್ಲೇ ಇದ್ದಾರೆ. ಮಗು ಯಾವ ದೇಶದ್ದು?

ತಾಯಿ ಭಾರತೀಯಳು, ತಂದೆ ಅಕ್ರಮವಾಗಿ ಬಂದವರಲ್ಲ, ಹಾಗಾಗಿ ಮಗು ಹುಟ್ಟಿನಿಂದ ಭಾರತದ್ದು. ಮಗು ವಿದೇಶದಲ್ಲಿ ಹುಟ್ಟಿದ್ದರೆ 1992ರ ಡಿಸೆಂಬರ್‌ಗೆ ಮುಂಚೆ ತಂದೆ ಭಾರತೀಯನಾಗಿದ್ದರೆ ಮಾತ್ರ ಪೌರತ್ವ ಬರುತ್ತಿತ್ತು, ತಾಯಿಯದು ಲೆಕ್ಕಕ್ಕಿರಲಿಲ್ಲ. ಈಗ ಇಬ್ಬರದೂ ಸಮ. ತಂದೆಯ ದೇಶದ ಪಾಸ್‌ಪೋರ್ಟ್ ಮಾಡಿಸುವ ಮುಂಚೆ ಗಂಡ ಹೆಂಡತಿ ಕೂತು ಮಾತಾಡಿ, ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಭಾರತ ಒಪ್ಪಲ್ಲ.

ಪ್ರಶ್ನೆ: ಗಂಡ ಜರ್ಮನ್ ಪ್ರಜೆ, ಮನೆಯಲ್ಲಿ ಇಂಗ್ಲಿಷ್ ಮಾತಾಡುತ್ತೇವೆ. ಆದರೂ ಜರ್ಮನ್ ಕಲಿಯಲೇಬೇಕಾ?

ಹೌದು, ಅಲ್ಲಿಗೆ ಹೋಗುವ ಸ್ಪೌಸ್ ವೀಸಾಕ್ಕೆ ಸಾಮಾನ್ಯವಾಗಿ ಎ1 ಪ್ರಮಾಣಪತ್ರ ಕೇಳುತ್ತಾರೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ತರಗತಿ, ಪರೀಕ್ಷೆ ಎರಡೂ ಇವೆ. ಸೀಟು ಬೇಗ ತುಂಬುತ್ತವೆ, ನಿಶ್ಚಿತಾರ್ಥದ ವಾರವೇ ಸೇರಿಕೊಳ್ಳಿ.

ಪ್ರಶ್ನೆ: ಮದುವೆಯಾದ ಮೇಲೆ ಪಾಸ್‌ಪೋರ್ಟ್‌ನಲ್ಲಿ ಗಂಡನ ಸರ್‌ನೇಮ್ ಸೇರಿಸದಿದ್ದರೆ ವೀಸಾ ಕೊಡಲ್ಲವಂತೆ?

ಯಾರು ಹೇಳಿದ್ದು? ಹಾಗೇನೂ ಇಲ್ಲ. ತಲೆನೋವು ಇರೋದು ನಮ್ಮ ಇನಿಶಿಯಲ್‌ಗಳಲ್ಲಿ. ಸರ್‌ನೇಮ್ ಜಾಗ ಖಾಲಿ ಬಿಟ್ಟ ಪಾಸ್‌ಪೋರ್ಟಿಗೆ ಅಮೆರಿಕದವರು ಪೂರ್ತಿ ಹೆಸರನ್ನು ಸರ್‌ನೇಮ್ ಮಾಡಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಆಮೇಲೆ ಬ್ಯಾಂಕು, ಲೈಸೆನ್ಸು ಎಲ್ಲ ಕಡೆ ನೀವು ಎಫ್‌ಎನ್‌ಯುನೇ. ನನ್ನ ಕಥೆ ಇನ್ನೊಂದು ತರಹ. ಪಾಸ್‌ಪೋರ್ಟ್‌ನಲ್ಲಿ 'ಗೌಡ' ಅನ್ನೋದಕ್ಕೆ ಇಂಗ್ಲಿಷಿನ ಡಬ್ಲ್ಯೂ, ಮದುವೆ ಪ್ರಮಾಣಪತ್ರದಲ್ಲಿ ಯು. ಒಂದೇ ಅಕ್ಷರ. ಅರ್ಜಿ ವಾಪಸ್ ಬಂತು, ತಿದ್ದಿಸಲು ನಾಲ್ಕು ತಿಂಗಳು ಓಡಾಡಿದೆ, ಕೊನೆಗೆ ಕೌಂಟರಿನಲ್ಲಿದ್ದವರು ಬಿಳಿ ಇಂಕ್ ಹಚ್ಚಿ ಕೊಡಲಾ ಅಂತ ಕೇಳಿದರು. ಬೇಡ ಅಂದೆ. ಪ್ರಮಾಣಪತ್ರ ಕೈಗೆ ಬಂದಾಗ ಕೌಂಟರ್ ಬಿಟ್ಟು ಕದಲಬೇಡಿ, ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಬೆರಳಿಟ್ಟು ಓದಿ, ಹಿಂದೆ ನಿಂತವರು ಗೊಣಗಿದರೆ ಗೊಣಗಲಿ.