‘ಓದುತ್ತಿದ್ದೇನೆ’ ಎಂಬ ಪದದೊಳಗೇ ಆ ‘ಆಮ್’ ಇದೆ

“‘ಐ ಗೋಯಿಂಗ್’ ಎಂದರೆ ತಪ್ಪು ಎನ್ನುತ್ತಾರೆ, ‘ಐ ಆಮ್ ನೋಯಿಂಗ್’ ಎಂದರೂ ತಪ್ಪು ಎನ್ನುತ್ತಾರೆ. ಪ್ರೆಸೆಂಟ್ ಕಂಟಿನ್ಯುಯಸ್, ಅಂದರೆ ಈಗ ನಡೆಯುತ್ತಿರುವುದನ್ನು ಹೇಳುವ ಕ್ರಿಯಾರೂಪವನ್ನು ಕಟ್ಟುವುದು ಹೇಗೆ, ಬಳಸುವುದು ಎಲ್ಲಿ?” ಎಂದು ಕೇಳಿದ್ದೀರಿ. ಈ ಎರಡು ತಪ್ಪುಗಳು ಒಂದೇ ಜಾತಿಯವಲ್ಲ. ಮೊದಲನೆಯದರಲ್ಲಿ ವಾಕ್ಯ ಕಟ್ಟಿದ ರೀತಿಯೇ ತಪ್ಪು. ಎರಡನೆಯದರಲ್ಲಿ ಕಟ್ಟಿದ್ದು ಸರಿಯಾಗಿದೆ, ಬಳಸಿದ ಜಾಗ ತಪ್ಪು.

ನಾನು ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತೇನೆ. ಈ ಪಾಠವನ್ನು ಸೂತ್ರದಿಂದ ಆರಂಭಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಕನ್ನಡದ ಒಂದು ಪದವನ್ನು ಬಿಡಿಸಿ ತೋರಿಸಿದರೆ ಸಾಕು. ‘ಓದುತ್ತಿದ್ದೇನೆ’ ಎಂದರೆ ‘ಓದುತ್ತ’ ಮತ್ತು ‘ಇದ್ದೇನೆ’. ಇಂಗ್ಲಿಷಿನಲ್ಲಿಯೂ ಇರುವುದು ಇವೇ ಎರಡು ತುಂಡುಗಳು, ಅದಲು ಬದಲಾಗಿ, ಬಿಡಿಬಿಡಿಯಾಗಿ: ‘ಆಮ್’ ಎಂದರೆ ಇದ್ದೇನೆ, ‘ರೀಡಿಂಗ್’ ಎಂದರೆ ಓದುತ್ತ. ‘ಐ ಗೋಯಿಂಗ್’ ಎಂದಾಗ ನೀವು ‘ನಾನು ಹೋಗುತ್ತ’ ಎಂದಷ್ಟೇ ಹೇಳಿ ನಿಲ್ಲಿಸಿದ್ದೀರಿ. ಇಂಗ್ಲಿಷ್ ಆಡುವವರು ‘ಐ ಆಮ್’ ಎಂಬುದನ್ನು ‘ಐಮ್’ ಎಂದು ಕುಗ್ಗಿಸಿ ಹೇಳುವುದರಿಂದ ಆ ತುಂಡು ನಮ್ಮ ಕಿವಿಗೆ ಬೀಳದೇ ಹೋಗುತ್ತದೆ. ಅದನ್ನು ಬಿಡುವವರ ತಪ್ಪು ಅಜಾಗರೂಕತೆಯದಲ್ಲ, ಕೇಳಿದ್ದನ್ನೇ ಹೇಳುತ್ತಾರೆ.

ನಮ್ಮಲ್ಲಿ ಇದ್ದೇನೆ, ಇದ್ದಾನೆ, ಇದ್ದಾರೆ ಎಂದು ಬದಲಾಗುವಂತೆ ಅಲ್ಲಿ ಆಮ್, ಈಸ್, ಆರ್ ಬದಲಾಗುತ್ತವೆ. ‘ಐ’ಗೆ ಆಮ್; ಹೀ, ಶೀ, ಇಟ್ ಮತ್ತು ಏಕವಚನದ ಹೆಸರುಗಳಿಗೆ ಈಸ್; ಯು, ವಿ, ದೇ ಮತ್ತು ಬಹುವಚನಕ್ಕೆ ಆರ್. ‘ಓದುತ್ತ’ ಹೇಗೆ ಬದಲಾಗುವುದಿಲ್ಲವೋ ‘ರೀಡಿಂಗ್’ ಕೂಡ ಹಾಗೆಯೇ ನಿಲ್ಲುತ್ತದೆ. ಇಲ್ಲೊಂದು ಎಚ್ಚರ: ಒಬ್ಬ ಹಿರಿಯರನ್ನು ನಾವು ಗೌರವದಿಂದ ‘ಅವರು ಬರುತ್ತಿದ್ದಾರೆ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು ‘ಹೀ ಈಸ್ ಕಮಿಂಗ್’ ಅಥವಾ ‘ಶೀ ಈಸ್ ಕಮಿಂಗ್’. ಅದರಲ್ಲಿ ಅಗೌರವವೇನೂ ಇಲ್ಲ.

‘ಇಲ್ಲ’ ಎನ್ನಲು ನಡುವೆ ‘ನಾಟ್’ ಸೇರಿಸಿದರಾಯಿತು: ‘ಐ ಆಮ್ ನಾಟ್ ಗೋಯಿಂಗ್’. ಪ್ರಶ್ನೆಗೆ ನಾವು ಕೊನೆಯಲ್ಲೊಂದು ‘ಆ’ ಎಳೆಯುತ್ತೇವೆ, ಅವರು ‘ಆರ್’ ಅನ್ನು ಮುಂದಕ್ಕೆ ತರುತ್ತಾರೆ: ‘ಆರ್ ಯು ಕಮಿಂಗ್?’ ‘ವಾಟ್’, ‘ವೇರ್’ ಇದ್ದಾಗಲೂ ಈ ಸ್ಥಾನಪಲ್ಲಟ ಆಗಲೇಬೇಕು. ‘ವಾಟ್ ಯು ಆರ್ ಡೂಯಿಂಗ್?’ ತಪ್ಪು, ‘ವಾಟ್ ಆರ್ ಯು ಡೂಯಿಂಗ್?’ ಸರಿ. ‘ಇಂಗ್’ ಸೇರಿಸಿ ಬರೆಯುವಾಗ ‘ರೈಟ್’, ‘ಮೇಕ್’ ಪದಗಳ ಕೊನೆಯ ‘ಇ’ ಬಿದ್ದುಹೋಗುತ್ತದೆ, ‘ರನ್’, ‘ಸಿಟ್’ ಪದಗಳ ಕೊನೆಯ ಅಕ್ಷರ ಎರಡಾಗುತ್ತದೆ.

ಕಟ್ಟುವುದು ಇಷ್ಟೇ. ಕಷ್ಟವಿರುವುದು ಬಳಕೆಯಲ್ಲಿ. ಈಗ ನಡೆಯುತ್ತಿರುವ ಕೆಲಸಕ್ಕೆ ಈ ರೂಪ ಬೇಕೆಂಬುದು ಎಲ್ಲರಿಗೂ ಗೊತ್ತು. ಸದ್ಯಕ್ಕೆ ಮಾತ್ರ ಇರುವ ಸ್ಥಿತಿಗೂ ಇದೇ ಬೇಕು. ‘ಐ ಲಿವ್ ವಿತ್ ಮೈ ಸಿಸ್ಟರ್’ ಎಂದರೆ ಅಕ್ಕನ ಮನೆಯೇ ನನ್ನ ಮನೆ. ‘ಐ ಆಮ್ ಲಿವಿಂಗ್ ವಿತ್ ಮೈ ಸಿಸ್ಟರ್’ ಎಂದರೆ ಕೆಲವು ದಿನದ ಮಟ್ಟಿಗೆ ಅಲ್ಲಿದ್ದೇನೆ, ಮುಂದೆ ಬದಲಾಗಬಹುದು ಎಂಬ ಧ್ವನಿ. ಮೊದಲೇ ನಿಗದಿಯಾದ ನಾಳೆಯ ಕೆಲಸಕ್ಕೂ ಇದು ಸಲ್ಲುತ್ತದೆ: ‘ಐ ಆಮ್ ಮೀಟಿಂಗ್ ದ ಡಾಕ್ಟರ್ ಟುಮಾರೋ’. ‘ನಾಳೆ ಹೊರಡುತ್ತಿದ್ದೇನೆ’ ಎಂದು ನಾವೂ ಹೇಳುತ್ತೇವಲ್ಲ, ಹಾಗೆಯೇ.

ಇಲ್ಲಿಯವರೆಗೆ ಕನ್ನಡ ನಿಮ್ಮನ್ನು ಕೈಹಿಡಿದು ನಡೆಸುತ್ತದೆ. ಮೂರು ಕಡೆ ಮಾತ್ರ ಕೈಬಿಡುತ್ತದೆ.

ಮೊದಲನೆಯದು ನಿಮ್ಮ ‘ನೋಯಿಂಗ್’ ಜಾತಿಯ ಪದಗಳು. ತಿಳಿದಿರುವುದು, ಬೇಕೆನಿಸುವುದು, ನಂಬುವುದು, ಸ್ವಂತಕ್ಕೆ ಇರುವುದು ಇವೆಲ್ಲ ಸ್ಥಿತಿಗಳು, ನಡೆಯುವ ಕೆಲಸಗಳಲ್ಲ. ಇವುಗಳಿಗೆ ಇಂಗ್ಲಿಷ್ ಸಾಮಾನ್ಯವಾಗಿ ‘ಇಂಗ್’ ಹಚ್ಚುವುದಿಲ್ಲ: ಐ ನೋ, ಐ ವಾಂಟ್, ಐ ಬಿಲೀವ್. ‘ಗೊತ್ತು’, ‘ಬೇಕು’ ಎಂಬ ಪದಗಳಿಗೆ ಕನ್ನಡವೂ ‘ಉತ್ತ’ ಹಚ್ಚುವುದಿಲ್ಲ. ಅಲ್ಲಿ ನಿಮ್ಮ ಕಿವಿಯನ್ನೇ ನಂಬಿ. ಆದರೆ ‘ಅರ್ಥವಾಗುತ್ತಿದೆ’, ‘ಕೇಳಿಸುತ್ತಿದೆ’, ‘ಅನ್ನಿಸುತ್ತಿದೆ’ ಎಂಬವು ದಾರಿ ತಪ್ಪಿಸುತ್ತವೆ. ಅವು ಕ್ರಮವಾಗಿ ‘ಐ ಅಂಡರ್‌ಸ್ಟ್ಯಾಂಡ್’, ‘ಐ ಕ್ಯಾನ್ ಹಿಯರ್’, ‘ಐ ಥಿಂಕ್’ ಆಗಬೇಕು. ಇಷ್ಟಾದರೂ ಇಡೀ ಪದವನ್ನು ನಿಷೇಧಿಸಬೇಡಿ. ‘ಐ ಆಮ್ ಥಿಂಕಿಂಗ್’ ಎಂದರೆ ಯೋಚಿಸುತ್ತಿದ್ದೇನೆ ಎಂಬ ಕೆಲಸ, ‘ಐ ಆಮ್ ಹ್ಯಾವಿಂಗ್ ಲಂಚ್’ ಎಂದರೆ ಊಟ ಮಾಡುತ್ತಿದ್ದೇನೆ, ಎರಡೂ ಸರಿ. ನೋಡಬೇಕಾದ್ದು ಪದವನ್ನಲ್ಲ, ಅಲ್ಲಿ ಅದರ ಅರ್ಥವನ್ನು.

ಎರಡನೆಯದನ್ನು ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ, ನನಗೆ ಇದು ಬಹಳ ಮುಖ್ಯ. ‘ಅವನು ಕುರ್ಚಿಯ ಮೇಲೆ ಕುಳಿತಿದ್ದಾನೆ’ ಎನ್ನುವಾಗ ಕನ್ನಡದಲ್ಲಿ ‘ಉತ್ತ’ವೇ ಇಲ್ಲ. ಕುಳಿತು ಇದ್ದಾನೆ, ಕೂರುವ ಕೆಲಸ ಮುಗಿದಿದೆ, ಅದರ ಫಲ ಉಳಿದಿದೆ. ಇಂಗ್ಲಿಷ್ ಹಾಗೆ ನೋಡುವುದಿಲ್ಲ, ಕುಳಿತಿರುವುದನ್ನೇ ಮುಂದುವರಿಯುವ ಕೆಲಸವೆಂದು ಎಣಿಸುತ್ತದೆ: ‘ಹೀ ಈಸ್ ಸಿಟಿಂಗ್’. ನಿಂತಿದ್ದಾಳೆ ಎಂದರೆ ‘ಶೀ ಈಸ್ ಸ್ಟ್ಯಾಂಡಿಂಗ್’, ಮಗು ಮಲಗಿದೆ ಎಂದರೆ ‘ದ ಬೇಬಿ ಈಸ್ ಸ್ಲೀಪಿಂಗ್’, ಕನ್ನಡಕ ಹಾಕಿಕೊಂಡಿದ್ದಾನೆ ಎಂದರೆ ‘ಹೀ ಈಸ್ ವೇರಿಂಗ್ ಗ್ಲಾಸಸ್’. ಈ ನಾಲ್ಕು ವಾಕ್ಯಗಳನ್ನು ಹಾಗೆಯೇ ಬಾಯಿಪಾಠ ಮಾಡಿಕೊಳ್ಳಿ. ಬಾಯಿಪಾಠ ಮಾಡಿ ಎಂದು ನಾನು ಹೇಳುವುದು ಅಪರೂಪ.

ಮೂರನೆಯದು ‘ಇಂದ’. ‘ಇಂಗ್ಲಿಷ್ ಕಲಿಯುತ್ತಿದ್ದೇನೆ’ ಎಂಬುದಕ್ಕೆ ‘ಐ ಆಮ್ ಲರ್ನಿಂಗ್ ಇಂಗ್ಲಿಷ್’ ಸರಿಯೇ. ಅದಕ್ಕೆ ‘ಆರು ತಿಂಗಳಿಂದ’ ಎಂದು ಸೇರಿಸಿ ನೋಡಿ. ಕನ್ನಡದ ಕ್ರಿಯಾಪದ ಒಂದಿಷ್ಟೂ ಕದಲುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಎಷ್ಟು ಕಾಲದಿಂದ, ಯಾವಾಗಿನಿಂದ ಎಂಬುದು ಮಾತಿಗೆ ಬಂದೊಡನೆ ‘ಆಮ್’ ಜಾಗ ಖಾಲಿ ಮಾಡಬೇಕು: ‘ಐ ಹ್ಯಾವ್ ಬೀನ್ ಲರ್ನಿಂಗ್ ಇಂಗ್ಲಿಷ್ ಫಾರ್ ಸಿಕ್ಸ್ ಮಂತ್ಸ್’. ಅವಧಿ ಹೇಳಿದರೆ ‘ಫಾರ್’, ಆರಂಭದ ದಿನ ಹೇಳಿದರೆ ‘ಸಿನ್ಸ್’. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್’ ಎಂಬ ತಪ್ಪು ವಾಕ್ಯವನ್ನು ನಾನೇ ವರ್ಷಗಟ್ಟಲೆ ಹೇಳಿದ್ದೇನೆ, ಯಾರೂ ತಿದ್ದಲಿಲ್ಲ. ನಿಮ್ಮ ಕನ್ನಡದ ವಾಕ್ಯದಲ್ಲಿ ‘ದಿನದಿಂದ’, ‘ವರ್ಷದಿಂದ’ ಎಂಬಂಥ ಪದ ಕಂಡರೆ ಇಂಗ್ಲಿಷಿಗೆ ಹೋಗುವ ಮುನ್ನ ಒಂದು ಗಳಿಗೆ ತಡೆಯಿರಿ.